ಉತ್ತರ: ಪ್ರಜಾಪ್ರಭುತ್ವದ ಸ್ವಾತಂತ್ರ್ಯ, ಸುಖ ಕ್ಯಾಥೋಲಿಕ್ ಬೋಧನೆಗೆ ಒಗ್ಗುತ್ತಾ?

ನಮಸ್ಕಾರ. ಪ್ರಜಾಪ್ರಭುತ್ವ ಹೇಳುವ ಸ್ವಾತಂತ್ರ್ಯ, ಸುಖ ಎಲ್ಲ ಕ್ಯಾಥೋಲಿಕ್ ಬೋಧನೆಗೆ ಒಗ್ಗುತ್ತಾ ಅಂತ ಕೇಳಿದ್ದೀರಿ. ಈಗ ಜಾಸ್ತಿ ಒಗ್ಗುತ್ತದೆ. ಮೊದಲು ಹಾಗಿರಲಿಲ್ಲ.

1864ರಲ್ಲಿ ಪೋಪ್ ಒಂಬತ್ತನೇ ಪಿಯುಸ್ 80 'ತಪ್ಪು'ಗಳ ಪಟ್ಟಿ ಹೊರಡಿಸಿದರು. ತನಗೆ ಸರಿ ಕಂಡ ಧರ್ಮವನ್ನು ಯಾರು ಬೇಕಾದರೂ ಪಾಲಿಸಬಹುದು ಅನ್ನುವುದೂ ಅದರಲ್ಲಿತ್ತು. ನೂರೊಂದು ವರ್ಷ ಬಿಟ್ಟು, 1965ರ ಡಿಸೆಂಬರ್ 7ರಂದು, ಜಗತ್ತಿನ ಕ್ಯಾಥೋಲಿಕ್ ಬಿಷಪ್‌ಗಳೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಧರ್ಮದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದಿತು. ಗೋವಾದಲ್ಲಿ ಕೂತು ಇದನ್ನು ಓದುವಾಗ ಒಂಥರಾ ಆಗುತ್ತದೆ. 1560ರಲ್ಲಿ ಶುರುವಾದ, ಚರ್ಚಿನ ನಂಬಿಕೆ ಮೀರಿದವರನ್ನು ಶಿಕ್ಷಿಸುತ್ತಿದ್ದ ನ್ಯಾಯಾಲಯವಾದ ಇನ್‌ಕ್ವಿಸಿಷನ್ ಇಲ್ಲಿ ಪೂರ್ತಿ ನಿಂತದ್ದು 1812ರಲ್ಲಿ.

ತಕರಾರು ಉಳಿದಿರುವುದು ಸುಖದ ಬಗ್ಗೆ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಸುಖ ಹುಡುಕುವ ಹಕ್ಕು ಎಲ್ಲರಿಗೂ ಇದೆ ಅನ್ನುತ್ತದೆ, ಸುಖ ಯಾವುದು ಅಂತ ಹೇಳುವುದಿಲ್ಲ. ಚರ್ಚ್ ಹೇಳುತ್ತದೆ: ಪೂರ್ತಿ ಸುಖ ದೇವರಲ್ಲೇ. ಸ್ವಾತಂತ್ರ್ಯ ಅಂದರೂ ಒಳ್ಳೆಯದನ್ನು ಆರಿಸುವ ಶಕ್ತಿ, ಸುಮ್ನೆ ಮನಸ್ಸಿಗೆ ಬಂದದ್ದು ಮಾಡುವುದಲ್ಲ. ಈ ಮಾತು ನನಗೆ ಸರಿ ಅನ್ನಿಸುತ್ತದೆ, ಅದನ್ನು ಕಾನೂನು ಮಾಡಿ ಹೇರದಿದ್ದರೆ.

ವಾಸ್ಕೋದಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಕಾರವಾರದ ಕಡೆಯವರು, ಭಾನುವಾರದ ಪೂಜೆ ತಪ್ಪಿಸಿದವರಲ್ಲ. ಮೊನ್ನೆ ಬೆಳಿಗ್ಗೆ ಪಾವ್ ಮಾರುವ ಪೊದೇರನ ಸೈಕಲ್ ಹಾರ್ನ್ ಕೇಳಿ ಇಬ್ಬರೂ ಗೇಟಿಗೆ ಬಂದಾಗ ನಿಮ್ಮ ಪ್ರಶ್ನೆಯನ್ನೇ ಕೇಳಿದೆ. ಬಿಸಿ ಪಾವ್ ಎಣಿಸಿಕೊಳ್ಳುತ್ತಾ ಅಂದರು: "ಮಗ ಚರ್ಚಿಗೆ ಬರಲ್ಲ ಅಂತಾನೆ. ಎಳ್ಕೊಂಡು ಹೋಗಕ್ಕಾಗತ್ತಾ? ಆದ್ರೆ ಅವ್ನು ಮಾಡ್ತಿರೋದು ಸರಿ ಅಂತನೂ ನಾನು ಹೇಳಲ್ಲ."