ಮೈಸೂರಲ್ಲಿ ಬಾಡಿಗೆ ಮನೇಲಿದೀವಿ, ಮಗು ಹುಟ್ಟಿದ್ಮೇಲೆ ಓನರ್ ತಕ್ಷಣ ಖಾಲಿ ಮಾಡಿ ಅಂತಿದಾರೆ, ಬಿಡ್ಲೇಬೇಕಾ?

ಇಲ್ಲ, ತಕ್ಷಣ ಬಿಡ್ಬೇಕಾಗಿಲ್ಲ. ಬಾಣಂತಿ, ಹಸುಗೂಸು ಇರೋ ಮನೆಗೆ ಬಂದು ಹಿಂಗಂದ್ರೆ ಹೊಟ್ಟೆ ಉರಿಯುತ್ತೆ, ಆದ್ರೆ ಹೆದರ್ಬೇಡಿ. ಮನೆ ಅವರದ್ದೇ ಆದ್ರೂ ಸ್ವಾಧೀನ, ಅಂದ್ರೆ ಸದ್ಯ ಅಲ್ಲಿ ವಾಸ ಇರೋದು, ನಿಮ್ಮದು, ಅದನ್ನ ಕೋರ್ಟ್ ಆದೇಶ ಇಲ್ದೆ ಬಲವಂತವಾಗಿ ಕಿತ್ಕೊಳ್ಳೋ ಹಾಗಿಲ್ಲ. ಅಗ್ರಿಮೆಂಟಲ್ಲಿ ಬೇರೆ ಏನೂ ಬರೆದಿಲ್ಲ ಅಂದ್ರೆ ತಿಂಗಳ ಬಾಡಿಗೆ ಮನೆಗೆ ಕಡೇಪಕ್ಷ 15 ದಿನದ ಲಿಖಿತ ನೋಟಿಸ್ ಕೊಡ್ಬೇಕು, ಆಮೇಲೂ ನೀವು ಬಿಡ್ಲಿಲ್ಲ ಅಂದ್ರೆ ಅವ್ರು ಕೋರ್ಟಿಗೇ ಹೋಗ್ಬೇಕು. ಬೀಗ ಜಡಿದು ಹೊರಗೆ ಹಾಕಿದ್ರೆ 6 ತಿಂಗಳೊಳಗೆ ದಾವೆ ಹಾಕಿ ಮನೆ ವಾಪಸ್ ಪಡೀಬಹುದು. ಬಾಡಿಗೆ ಮಾತ್ರ ನಿಲ್ಲಿಸ್ಬೇಡಿ, ಅಕೌಂಟಿಗೇ ಹಾಕಿ. ಹೆಂಗಸರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನ ಕೊಡ್ತಾರೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಮಗುವಿನ ತಾಯಿ ಹೆಸರಲ್ಲೇ ಅರ್ಜಿ ಕೊಡಿ, ಇಲ್ಲಾ 15100ಕ್ಕೆ ಫೋನ್ ಮಾಡಿ.