ಬಾಚಿದರೂ ಮಲಗದ ಕೂದಲು, ಕಚೇರಿಯ ಕಟ್ಟುಪಾಡು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಹಾಸನ, ಚಿಕ್ಕಮಗಳೂರು ಕಡೆಯವು. ಕೇಳಿರುವುದೂ ಹೆಚ್ಚುಕಡಿಮೆ ಒಂದೇ: ಹುಟ್ಟಿನಿಂದ ಬಂದ ಗುಂಗುರು ಕೂದಲನ್ನು ನೇರ ಮಾಡಿಸದೆ ಕೆಲಸಕ್ಕೆ ಹೋಗಬಹುದೇ?

*ನಾನು ಯಲ್ಲಾಪುರ ಕಡೆಯ ಸಿದ್ದಿ ಹುಡುಗಿ. ಹಾಸನದ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ನನ್ನದು ತೀರಾ ಸಣ್ಣ ಸುರುಳಿಯ ಕೂದಲು. ಬಾಚಿಕೊಂಡೇ ಹೋದರೂ ‘ತಲೆ ಬಾಚ್ಕೊಂಡು ಬಾರಮ್ಮ’ ಎಂದು ಸೀನಿಯರ್ ಸಿಸ್ಟರ್ ಎಲ್ಲರೆದುರು ಹೇಳುತ್ತಾರೆ. ಕ್ಯಾಪ್ ಕೂರುವುದಿಲ್ಲ. ಸಿಕ್ಕು ಬಿಡಿಸಿದರೆ ಹಿಡಿ ಹಿಡಿ ಕೂದಲು ಕೈಗೆ ಬರುತ್ತದೆ. ಏನು ಮಾಡಲಿ ಮೇಡಂ?*

ಮೊದಲು ಆ ಹಿಡಿ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಬಿಳಿ ಗುಬುಟು ಇದ್ದರೆ ಅದು ತಾನಾಗಿ ಉದುರಿದ್ದು. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ. ನೇರ ಕೂದಲಿನವರಿಗೆ ಅದು ನೆಲಕ್ಕೆ ಬೀಳುತ್ತದೆ, ನಿಮಗೆ ಸುರುಳಿಯಲ್ಲೇ ಸಿಕ್ಕಿಕೊಂಡಿದ್ದು ವಾರದ್ದೆಲ್ಲ ಒಟ್ಟಿಗೆ ಕೈಗೆ ಬರುತ್ತದೆ. ಅದಕ್ಕೆ ಹೆದರಬೇಡಿ. ಗುಬುಟಿಲ್ಲದ, ಒಂದೆರಡು ಅಂಗುಲದ ತುಂಡುಗಳೇ ಹೆಚ್ಚಿದ್ದರೆ ಮಾತ್ರ ಕೂದಲು ಮುರಿಯುತ್ತಿದೆ ಎಂದರ್ಥ. ನೆತ್ತಿಯ ಜಿಡ್ಡು ನೇರ ಕೂದಲಿನಲ್ಲಿ ತುದಿಯವರೆಗೂ ಇಳಿಯುತ್ತದೆ, ಸಣ್ಣ ಸುರುಳಿಯಲ್ಲಿ ಇಳಿಯುವುದಿಲ್ಲ. ಹಾಗಾಗಿ ಬುಡ ಜಿಡ್ಡಾಗಿದ್ದರೂ ತುದಿ ಒಣಗಿರುತ್ತದೆ. ಸುರುಳಿಯ ಪ್ರತಿ ತಿರುವೂ ಒಂದು ದುರ್ಬಲ ಜಾಗ. ಒಣ ಕೂದಲಿಗೆ ಸಣ್ಣ ಹಲ್ಲಿನ ಹಣಿಗೆ ಹಾಕಿ ಎಳೆದರೆ ಮುರಿಯುವುದು ಅಲ್ಲೇ. ನಿಮ್ಮ ಸೀನಿಯರ್ ಹೇಳುವಂತೆ ದಿನಾ ‘ಬಾಚಿಕೊಂಡು’ ಹೋದರೆ ಕೂದಲು ಇನ್ನಷ್ಟು ಮುರಿಯುತ್ತದೆ, ಇನ್ನಷ್ಟು ಕೆದರುತ್ತದೆ.

ವಾರಕ್ಕೊಂದು ತಲೆಸ್ನಾನ ಸಾಕು. ಹಿಂದಿನ ರಾತ್ರಿ ಕೂದಲ ಉದ್ದಕ್ಕೆ ಎರಡು ಮೂರು ಟೀ ಚಮಚ ಕೊಬ್ಬರಿ ಎಣ್ಣೆ ಸವರಿ. ಇದು ಕೂದಲೊಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಸೋರುವುದನ್ನು ಕಡಿಮೆ ಮಾಡುತ್ತದೆ. ಹರಳೆಣ್ಣೆ ಮೇಲೆಯೇ ನಿಲ್ಲುತ್ತದೆ, ಅದು ತುದಿಗೆ ಮಾತ್ರ ಇರಲಿ. ಬೆಳಿಗ್ಗೆ ತಲೆಯನ್ನು ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕಿ. ಸಲ್ಫೇಟ್ ಇಲ್ಲದ ಶಾಂಪೂವನ್ನು ನೆತ್ತಿಗೆ ಮಾತ್ರ ಹಚ್ಚಿ, ನೊರೆ ತಾನಾಗಿ ಇಳಿದು ಉದ್ದವನ್ನು ತೊಳೆಯುತ್ತದೆ. ಆಮೇಲೆ ಒಂದೊಂದು ಭಾಗಕ್ಕೂ ಒಂದು ದೊಡ್ಡ ಚಮಚ ಕಂಡೀಷನರ್ ಹಾಕಿ, ಹಚ್ಚಿದ ಕೈ ಜಾರುವಷ್ಟು ಒದ್ದೆಯಿದ್ದಾಗಲೇ ಸಿಕ್ಕು ಬಿಡಿಸಿ. ಮೊದಲು ಬೆರಳು, ಬಳಿಕ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರು ಮಾಡಿ ಎರಡೆರಡು ಅಂಗುಲ ಮೇಲಕ್ಕೆ ಹೋಗಿ. ಬುಡದಿಂದ ಕೆಳಕ್ಕೆ ಎಳೆದರೆ ಎಲ್ಲ ಸಿಕ್ಕೂ ತುದಿಯಲ್ಲಿ ಒಂದೇ ಗಂಟಾಗುತ್ತದೆ. ಮಲೆನಾಡಿನ ಮನೆಗಳ ದಾಸವಾಳದ ಸೊಪ್ಪಿನ ಲೋಳೆಯೂ ಇದೇ ಜಾರುವ ಕೆಲಸ ಮಾಡುತ್ತದೆ. ಎರಡು ಹಿಡಿ ಎಲೆ ನೀರಲ್ಲಿ ಕಿವುಚಿ, ಬಟ್ಟೆಯಲ್ಲಿ ಶೋಧಿಸಿ ಹಾಕಿ. ಶೋಧಿಸದಿದ್ದರೆ ಎಲೆಯ ಚೂರು ಸುರುಳಿಯಲ್ಲಿ ಮೂರು ದಿನ ಕೂರುತ್ತದೆ. ಸೀಗೆಪುಡಿಯನ್ನು ನಿಮ್ಮ ಕೂದಲಿಗೆ ನಾವು ಹೇಳುವುದಿಲ್ಲ, ಇರುವ ಸ್ವಲ್ಪ ಜಿಡ್ಡನ್ನೂ ತೆಗೆದುಬಿಡುತ್ತದೆ.

ಟವೆಲ್ಲಿನಿಂದ ಉಜ್ಜಬೇಡಿ, ಹಳೆಯ ಹತ್ತಿ ಪಂಚೆಯಿಂದ ಒತ್ತಿ ನೀರು ತೆಗೆಯಿರಿ. ಒದ್ದೆಯಿರುವಾಗಲೇ 8ರಿಂದ 12 ಪಾಲು ಮಾಡಿ, ಒಂದೊಂದನ್ನೂ ಎರಡೆಳೆ ಹುರಿಯಂತೆ ಸುತ್ತಿ. ಪೂರ್ತಿ ಒಣಗಿದ ಮೇಲೆ ಬಿಚ್ಚಿದರೆ ಸುರುಳಿ ಉದ್ದವಾಗಿ, ಒಂದೇ ಸಮನಾಗಿ ನಿಲ್ಲುತ್ತದೆ. ಅರ್ಧ ಒಣಗಿದ್ದಾಗ ಬಿಚ್ಚಿದರೆ ಗಂಟೆಯೊಳಗೆ ಹತ್ತಿಯಂತೆ ಉಬ್ಬುತ್ತದೆ. ‘ಬಾಚಿಲ್ಲ’ ಎನಿಸಿಕೊಳ್ಳುವುದು ಬಹಳ ಸಲ ಈ ಆತುರದಿಂದ. ರಜೆಯ ದಿನ ಬೆಳಿಗ್ಗೆಯೇ ತಲೆಸ್ನಾನ ಮುಗಿಸಿ, ರಾತ್ರಿ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುರಿ ಒಣಗಲು ಇಡೀ ದಿನ ಬೇಕಾಗಬಹುದು, ಒದ್ದೆ ತಲೆಯಲ್ಲಿ ಮಲಗಿದರೆ ಮುಗ್ಗಲು ವಾಸನೆಯೂ ಹೊಟ್ಟೂ ಬರುತ್ತವೆ. ಮಲಗುವಾಗ ಸ್ಯಾಟಿನ್ ಬಟ್ಟೆ ಕಟ್ಟಿಕೊಳ್ಳಿ. ಹತ್ತಿಯ ದಿಂಬು ಎಣ್ಣೆ ಹೀರುತ್ತದೆ, ಉಜ್ಜಿ ಸಿಕ್ಕು ಮಾಡುತ್ತದೆ.

ಡ್ಯೂಟಿಗೆ ತಲೆಗೆ ಒತ್ತಿ ಹೆಣೆದ ನಾಲ್ಕು ಅಥವಾ ಆರು ಜಡೆ ಎಲ್ಲಕ್ಕಿಂತ ಅನುಕೂಲ. ಹಿಂದೆ ಸೇರಿಸಿ ತಗ್ಗಿನ ತುರುಬು ಕಟ್ಟಿದರೆ ಕ್ಯಾಪ್ ಚಪ್ಪಟೆಯಾಗಿ ಕೂರುತ್ತದೆ. ಕ್ಯಾಪ್ ಕೂರದಿರುವುದು ನಿಮ್ಮ ತಪ್ಪಲ್ಲ. ಬಳಸಿ ಬಿಸಾಡುವ ಕ್ಯಾಪಿನಲ್ಲಿ 18 ಇಂಚಿನದು ಸಾಮಾನ್ಯವಾಗಿ ತರಿಸುವ ಅಳತೆ, 24 ಇಂಚಿನದೂ ಸಿಗುತ್ತದೆ. ಸ್ಟೋರ್ಸ್‌ನವರಿಗೆ ಬರೆದುಕೊಟ್ಟು ತರಿಸಿ. ಜಡೆ ಹೆಣೆದ ರಾತ್ರಿ ಹಣೆಯಂಚು ನೋಯುತ್ತಿದ್ದರೆ, ಬುಡದಲ್ಲಿ ಗುಳ್ಳೆ ಎದ್ದರೆ ಬಿಗಿ ಜಾಸ್ತಿಯಾಗಿದೆ, ಆಗಲೇ ಬಿಚ್ಚಿ. ‘ನಾಳೆ ಸಡಿಲವಾಗುತ್ತೆ’ ಎಂದು ತಡೆದುಕೊಂಡವರಿಗೆ ಹಣೆಯ ಎರಡೂ ಬದಿಯ ಕೂದಲಂಚು ಬೋಳಾಗುತ್ತದೆ. ಮೊದಮೊದಲು ಕೂದಲು ಮರಳಿ ಬರುತ್ತದೆ, ವರ್ಷಗಟ್ಟಲೆ ಎಳೆದರೆ ಬುಡವೇ ಮುಚ್ಚಿ ಹೋಗುತ್ತದೆ. ತುರುಬಿನ ಜಾಗ ವಾರಕ್ಕೊಮ್ಮೆ ಬದಲಿಸಿ.

ಇನ್ನು ಆ ಮಾತು. ನರ್ಸಿಂಗ್ ಸೂಪರಿಂಟೆಂಡೆಂಟ್ ಅವರನ್ನು ಒಬ್ಬರೇ ಇದ್ದಾಗ ಕಾಣಿ. ‘ನನ್ನ ಕೂದಲು ಶುಚಿಯಾಗಿದೆ, ಕಟ್ಟಿದೆ, ಕ್ಯಾಪಿನೊಳಗಿದೆ. ಸೋಂಕು ತಡೆಯುವ ನಿಯಮದಲ್ಲಿ ಇನ್ನೇನು ಬೇಕು ಹೇಳಿ, ಮಾಡುತ್ತೇನೆ’ ಎಂದು ಕೇಳಿ. ಉತ್ತರ ನಿಯಮದಲ್ಲಿರಬೇಕು, ಕೂದಲಿನ ಆಕಾರದಲ್ಲಿ ಅಲ್ಲ. ಮಾತು ಮುಂದುವರಿದರೆ ದಿನಾಂಕ, ಕೇಳಿಸಿಕೊಂಡವರ ಹೆಸರು ಬರೆದಿಟ್ಟುಕೊಂಡು ಲಿಖಿತ ದೂರು ಕೊಡಿ. ನಮ್ಮಲ್ಲಿ ಕೂದಲಿಗೆಂದೇ ಕಾನೂನಿಲ್ಲ. ಆದರೆ ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದವರು. ಪಂಗಡದ ಕಾರಣಕ್ಕೆ ನಾಲ್ಕು ಜನರೆದುರು ಬೇಕೆಂದೇ ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಖಾಸಗಿ ಆಸ್ಪತ್ರೆಯಲ್ಲೂ ಅನ್ವಯಿಸುತ್ತದೆ. ಅಜ್ಜಿ ಮುತ್ತಜ್ಜಿಯರಿಂದ ಬಂದ ಕೂದಲಿಗೆ ನೀವು ಯಾರಲ್ಲೂ ಕ್ಷಮೆ ಕೇಳಬೇಕಿಲ್ಲ.

*ಚಿಕ್ಕಮಗಳೂರಿನಲ್ಲಿ ಬಿ.ಕಾಂ. ಮುಗಿಸಿದ್ದೇನೆ. ಬ್ಯಾಂಕ್ ಇಂಟರ್‌ವ್ಯೂ ಇದೆ. ಗುಂಗುರು ಕೂದಲು ನೋಡಿ ಅಮ್ಮ ‘ಸ್ಮೂದನಿಂಗ್ ಮಾಡಿಸು, ಅಚ್ಚುಕಟ್ಟಾಗಿ ಕಾಣುತ್ತೆ’ ಅನ್ನುತ್ತಾರೆ. ಪಾರ್ಲರ್‌ನವರು ಕೆರಾಟಿನ್ ಒಳ್ಳೆಯದು ಎನ್ನುತ್ತಾರೆ. ಯಾವುದು ಮಾಡಿಸಲಿ?*

ಎರಡೂ ಬೇಡ ಎಂಬುದೇ ನಮ್ಮ ಸಲಹೆ. ಸ್ಮೂದನಿಂಗ್, ರೀಬಾಂಡಿಂಗ್ ಎರಡರಲ್ಲೂ ಕ್ಷಾರದ ರಾಸಾಯನಿಕ ಹಚ್ಚಿ ಕೂದಲೊಳಗಿನ ಗಂಧಕದ ಬಂಧಗಳನ್ನು ಒಡೆದು, ಇಸ್ತ್ರಿ ಹಾಕಿ, ನೇರವಾಗಿಯೇ ಮತ್ತೆ ಬಂಧಿಸುತ್ತಾರೆ. ಒಡೆದಿದ್ದೆಲ್ಲ ಮತ್ತೆ ಕೂಡಿಕೊಳ್ಳುವುದಿಲ್ಲ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ನಾಲ್ಕು ತಿಂಗಳಲ್ಲಿ ಬುಡ ಗುಂಗುರು, ಕೆಳಗೆ ನೇರ. ಎರಡೂ ಕೂಡುವ ಜಾಗದಲ್ಲೇ ಮುರಿಯುತ್ತದೆ. ಕೆರಾಟಿನ್ ಎಂದು ಮಾಡುವುದರಲ್ಲಿ ಹಲವು ದ್ರವಗಳು ಬಿಸಿ ಇಸ್ತ್ರಿ ತಗುಲಿದಾಗ ಫಾರ್ಮಾಲ್ಡಿಹೈಡ್ ಹೊಗೆ ಬಿಡುತ್ತವೆ. ಕಣ್ಣು ಉರಿ, ಗಂಟಲು ಕೆರೆತ ಅದರಿಂದಲೇ. ಬಾಟಲಿಯ ಮೇಲೆ ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂದಿದ್ದರೂ ಮಿಥಿಲೀನ್ ಗ್ಲೈಕಾಲ್ ಇದೆಯೇ ನೋಡಿ, ಬಿಸಿ ತಗುಲಿದರೆ ಅದೂ ಫಾರ್ಮಾಲ್ಡಿಹೈಡ್ ಬಿಡುತ್ತದೆ. ಗ್ಲೈಆಕ್ಸಿಲಿಕ್ ಆಮ್ಲ ಇರುವ ದ್ರವ ಹಚ್ಚಿಸಿಕೊಂಡ ಬಳಿಕ ಮೂತ್ರಪಿಂಡ ಕೆಟ್ಟ ಪ್ರಕರಣಗಳನ್ನು ಇಸ್ರೇಲ್ ಮತ್ತು ಫ್ರಾನ್ಸಿನ ವೈದ್ಯರು ವರದಿ ಮಾಡಿದ್ದಾರೆ.

ಅಮೆರಿಕದಲ್ಲಿ 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಕೂದಲು ನೇರ ಮಾಡುವ ರಾಸಾಯನಿಕ ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ 1.64, ಪದೇ ಪದೇ ಬಳಸಿದವರಲ್ಲಿ ಶೇ 4.05 ಎಂದು ಅಂದಾಜಾಯಿತು. ರಾಸಾಯನಿಕವೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ, ಆದರೆ ಬಿಟ್ಟುಬಿಡುವ ಅಂಕಿಯೂ ಅಲ್ಲ. ಅಲ್ಲಿ ಇದನ್ನು ಬಳಸಿದವರಲ್ಲಿ ಹೆಚ್ಚಿನವರು ಕಪ್ಪು ಮಹಿಳೆಯರು. ಕೆಲಸ ಸಿಗಬೇಕೆಂದರೆ ಕೂದಲು ನೇರ ಇರಬೇಕು ಎಂಬ ಮಾತು ಅವರನ್ನು ಚಿಕ್ಕಂದಿನಿಂದ ಆ ಡಬ್ಬಿಯತ್ತ ತಳ್ಳಿತು. ಅಮ್ಮನಿಗೆ ಇದನ್ನು ಓದಿ ಹೇಳಿ.

ಇಂಟರ್‌ವ್ಯೂಗೆ ಅಗಸೆಬೀಜದ ಜೆಲ್ ಸಾಕು. ಮೂರು ದೊಡ್ಡ ಚಮಚ ಬೀಜಕ್ಕೆ ಎರಡು ಲೋಟ ನೀರು. ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಕೈಯಾಡಿಸಿ. ಮೊಟ್ಟೆಯ ಬಿಳಿಯಂತೆ ಎಳೆ ಬಂದ ಕೂಡಲೇ, ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಶೋಧಿಸಿ. ಆರಿದರೆ ಬಟ್ಟೆಯಿಂದ ಇಳಿಯುವುದೇ ಇಲ್ಲ. ಫ್ರಿಜ್‌ನಲ್ಲಿ ವಾರ ಇರುತ್ತದೆ. ಹಿಂದಿನ ದಿನ ತಲೆಸ್ನಾನ ಮಾಡಿ, ಒದ್ದೆ ಕೂದಲಿಗೆ ಸವರಿ ಒಣಗಿಸಿ. ಬೆಳಿಗ್ಗೆ ಬೈತಲೆ ತೆಗೆದು ಕುತ್ತಿಗೆ ಮೇಲೆ ತುರುಬು ಕಟ್ಟಿ. ಮಳೆ ಇದ್ದರೆ ಗ್ಲಿಸರಿನ್ ಇರುವ ಕ್ರೀಮು ಬೇಡ, ಅದು ಗಾಳಿಯ ತೇವ ಎಳೆದು ಉಬ್ಬಿಸುತ್ತದೆ. ಮಲ್ಲಿಗೆ ಮುಡಿಯುವುದಾದರೆ ದಾರವನ್ನು ಸುರುಳಿಗೆ ಗಂಟು ಹಾಕದೆ ಯು-ಪಿನ್ನಿನಿಂದ ತುರುಬಿಗೆ ಸಿಕ್ಕಿಸಿ.

*ಮಗಳು ಅಮೆರಿಕದ ಡಾಲಸ್‌ನಲ್ಲಿ ಟೀಮ್ ಲೀಡ್. ಅವಳ ತಂಡದ ಕಪ್ಪು ಜನಾಂಗದ ಹೆಣ್ಣುಮಗಳೊಬ್ಬಳು ಒಂದು ವಾರ ನೂರು ಜಡೆ, ಇನ್ನೊಂದು ವಾರ ಬಿಟ್ಟ ಕೂದಲಲ್ಲಿ ಬರುತ್ತಾಳಂತೆ. ಕ್ಲೈಂಟ್ ಒಬ್ಬರು ‘ಮೀಟಿಂಗಿಗೆ ಸರಿಯಾಗಿ ಬರಲಿ’ ಎಂದರಂತೆ. ಮಗಳು ಏನು ಮಾಡಬೇಕು? — ನಿವೃತ್ತ ಉಪನ್ಯಾಸಕರು, ಹಾಸನ*

ಸರ್, ನಿಮ್ಮ ಮಗಳು ಆ ಮಾತನ್ನು ತಂಡದ ಹುಡುಗಿಗೆ ದಾಟಿಸಬಾರದು, ಎಚ್.ಆರ್.ಗೆ ತಿಳಿಸಬೇಕು. ಟೆಕ್ಸಸ್‌ನಲ್ಲಿ 2023ರ ಸೆಪ್ಟೆಂಬರ್ 1ರಿಂದ ಕ್ರೌನ್ ಕಾಯ್ದೆ ಜಾರಿಯಲ್ಲಿದೆ. ಜನಾಂಗದೊಂದಿಗೆ ಬಂದ ಕೂದಲಿನ ಗುಣ, ಜಡೆ, ಹುರಿ, ಲಾಕ್ಸ್ (ಜಟೆಯಂಥ ಎಳೆಗಳು) ಇವುಗಳ ಕಾರಣಕ್ಕೆ ಉದ್ಯೋಗದಲ್ಲಿ ತಾರತಮ್ಯ ಮಾಡುವಂತಿಲ್ಲ. ಇಂಥ ಕಾನೂನು ಮೊದಲು ತಂದದ್ದು ಕ್ಯಾಲಿಫೋರ್ನಿಯಾ, 2019ರಲ್ಲಿ. ಇಡೀ ದೇಶಕ್ಕೆ ಅನ್ವಯಿಸುವ ಮಸೂದೆ 2022ರಲ್ಲಿ ಕೆಳಮನೆ ದಾಟಿತು, ಸೆನೆಟ್‌ನಲ್ಲಿ ನಿಂತಿತು.

ಬೇರೆ ಕಾನೂನು ಏಕೆ ಬೇಕಾಯಿತು ಎಂದರೆ, 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಉದ್ಯೋಗಿಯೊಬ್ಬರ ಮೊಕದ್ದಮೆಯಲ್ಲಿ ನ್ಯಾಯಾಲಯವು ಜಡೆ ಬದಲಿಸಬಹುದಾದದ್ದು, ಆದ್ದರಿಂದ ನಿಷೇಧಿಸಿದರೆ ಜನಾಂಗ ತಾರತಮ್ಯವಲ್ಲ ಎಂದಿತು. 2016ರಲ್ಲಿ ಅಲಬಾಮದ ಲಾಕ್ಸ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದೇ ತರ್ಕ ಹಿಡಿಯಿತು. ಆ ಕೂದಲಿಗೆ ಜಡೆ ಅಲಂಕಾರವಲ್ಲ, ಮುರಿಯದಂತೆ ಕಾಯುವ ದಾರಿ ಎಂಬುದು ನ್ಯಾಯಪೀಠಕ್ಕೆ ಕಾಣಲಿಲ್ಲ. ಹಟ ಹಳೆಯದು: 1786ರಲ್ಲೇ ಲೂಸಿಯಾನದ ಗವರ್ನರ್ ಮಿರೊ, ಸ್ವತಂತ್ರರಾಗಿದ್ದ ಕಪ್ಪು ಮಹಿಳೆಯರು ಕೂದಲನ್ನು ಬಟ್ಟೆಯಲ್ಲಿ ಮುಚ್ಚಬೇಕೆಂದು ಆಜ್ಞೆ ಹೊರಡಿಸಿದ್ದ.

ಮಗಳಿಗೆ ಇನ್ನೆರಡು ಮಾತು. ಕೂದಲು ಮುಟ್ಟಬಾರದು, ಕೇಳಿಯೂ ಮುಟ್ಟಬಾರದು. ಮೇಲಧಿಕಾರಿ ಕೇಳಿದರೆ ‘ಬೇಡ’ ಎನ್ನುವುದು ಕಷ್ಟ. ‘ಇದು ನಿಜವಾದ ಕೂದಲಾ’ ಎಂಬ ಪ್ರಶ್ನೆಯೂ ಬೇಡ. ನೂರು ಜಡೆ ಹೆಣೆಯಲು ಐದಾರು ಗಂಟೆ ಹಿಡಿಯುತ್ತದೆ, ಆರೆಂಟು ವಾರ ಇಟ್ಟು ಬಿಚ್ಚುತ್ತಾರೆ. ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ಕೆಲಸದ ಮಾತಿಗೆ ಹೋದರೆ ಸಾಕು.

*ಮೂಡಿಗೆರೆ ಬಳಿಯ ರೆಸಾರ್ಟಿನಲ್ಲಿ ಎಚ್.ಆರ್. ಆಗಿದ್ದೇನೆ. ನಮ್ಮ ಹಳೇ ನಿಯಮದಲ್ಲಿ ‘ಫ್ರಂಟ್ ಆಫೀಸ್ ಮಹಿಳೆಯರ ಕೂದಲು ನೇರವಾಗಿ, ನುಣುಪಾಗಿ ಇರಬೇಕು’ ಎಂದಿದೆ. ಗುಂಗುರು ಕೂದಲಿನ ಇಬ್ಬರು ಸೇರಿದ್ದಾರೆ. ಹೇಗೆ ತಿದ್ದಲಿ?*

ನೀವಾಗಿಯೇ ತಿದ್ದಲು ಹೊರಟಿದ್ದೀರಿ, ಸಂತೋಷ. ಹೀಗೆ ಬರೆಯಿರಿ: ‘ಗಂಡು ಹೆಣ್ಣು ಎನ್ನದೆ ಎಲ್ಲ ಸಿಬ್ಬಂದಿಯ ಕೂದಲು ಶುಚಿಯಾಗಿರಬೇಕು. ಭುಜ ದಾಟಿದ್ದನ್ನು ಕಟ್ಟಬೇಕು ಅಥವಾ ಹೆಣೆಯಬೇಕು. ಕಣ್ಣು, ನೇಮ್ ಬ್ಯಾಡ್ಜ್ ಮುಚ್ಚಬಾರದು. ಅಡುಗೆಮನೆಗೆ ಹೋಗುವವರೆಲ್ಲ ಕೂದಲು ಪೂರ್ತಿ ಒಳಗಾಗುವ ನೆಟ್ ಹಾಕಬೇಕು.’ ನೇರ, ನುಣುಪು, ಕೆದರಿದ, ಅತಿಯಾದ ಎಂಬ ಪದಗಳನ್ನು ಪೂರ್ತಿ ತೆಗೆಯಿರಿ. ಅವಕ್ಕೆ ಅಳತೆಯಿಲ್ಲ, ಸೂಪರ್‌ವೈಸರ್ ಮನಸ್ಸಿಗೆ ಬಂದಂತೆ ಓದುತ್ತಾರೆ. ನೆಟ್ಟನ್ನು ಎರಡು ಅಳತೆಯಲ್ಲಿ ತರಿಸಿ. ಮಳೆಗಾಲದಲ್ಲಿ ಸ್ಕೂಟಿಯಲ್ಲಿ ಬಂದವರಿಗೆ ತಲೆ ಸರಿಮಾಡಿಕೊಳ್ಳಲು ಹತ್ತು ನಿಮಿಷ, ಒಂದು ಕನ್ನಡಿ ಕೊಡಿ. ಹೆಲ್ಮೆಟ್ ತೆಗೆದಾಗ ಯಾರ ಕೂದಲೂ ನುಣುಪಾಗಿರುವುದಿಲ್ಲ.

*ಅರಸೀಕೆರೆಯ ಬೋರ್‌ವೆಲ್ ನೀರಿಗೆ ಗುಂಗುರು ಕೂದಲು ತೆಂಗಿನ ನಾರಿನಂತಾಗಿದೆ. ಶಾಲೆಗೆ ಹಾಗೇ ಹೋಗಲು ಮುಜುಗರ. — ಶಿಕ್ಷಕಿ*

ಗಡಸು ನೀರಿನ ಸುಣ್ಣದಂಶ ಕೂದಲ ಮೇಲೆ ಕೂತು ಕಂಡೀಷನರ್ ಹಿಡಿಯಲು ಬಿಡುತ್ತಿಲ್ಲ. ಇಡಿಟಿಎ ಇರುವ, ಖನಿಜ ತೆಗೆಯುವ ಶಾಂಪೂ ತಿಂಗಳಿಗೆ ಒಮ್ಮೆ ಹಾಕಿ, ಆ ದಿನ ಕಂಡೀಷನರ್ ಹತ್ತು ನಿಮಿಷ ಬಿಡಿ. ಉಳಿದ ವಾರಗಳಲ್ಲಿ ಶಾಂಪೂ ಬಳಿಕ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಬೆರೆಸಿ ಸುರಿದು, ಎರಡು ನಿಮಿಷ ಬಿಟ್ಟು ತೊಳೆಯಿರಿ. ಸೋಪು, ಅಡುಗೆ ಸೋಡಾ ತಲೆಗೆ ಬೇಡ. ಹಿಡಿದಿಟ್ಟ ಮಳೆನೀರಿದ್ದರೆ ಕೊನೆಯ ಎರಡು ಚೊಂಬು ಅದೇ ಇರಲಿ.