ಅಜ್ಜಿಯ ಊರಿನ ಜೆರ್ಸಿ

(ದಾವಣಗೆರೆಯ ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು: ಅವರ ತಮ್ಮನ ಸಂಸಾರ ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿದೆ. ತಮ್ಮನ ಮಗನ ಜೊತೆ ಫುಟ್‌ಬಾಲ್ ಆಡುವ ಹದಿನಾಲ್ಕರ ಹುಡುಗನೊಬ್ಬ ಆ ಕಡೆಯೇ ನಡೆದ ಜಮೈಕಾದ ಕಿರಿಯರ ತಂಡದ ಟ್ರಯಲ್ಸ್‌ಗೆ ಹೋಗಿ ಬಂದಿದ್ದಾನೆ. ಹುಟ್ಟಿದ್ದು ಕೆನಡಾದಲ್ಲಿ, ಜಮೈಕಾ ನೋಡಿಯೇ ಇಲ್ಲ. ಅಜ್ಜಿ ಮಾತ್ರ ಅಲ್ಲಿಯವರು. “ಇದು ಹಿಂಬಾಗಿಲ ಪ್ರವೇಶ ಅಲ್ವಾ? ಅಲ್ಲೇ ಮಣ್ಣಿನಲ್ಲಿ ಆಡಿ ಬೆಳೆದ ಹುಡುಗನ ಗತಿ ಏನು? ಇದು ಸರಿ ಅನ್ನೋದಾದರೆ ನನ್ನ ತಮ್ಮನ ಮಗ ಭಾರತಕ್ಕೆ ಯಾಕೆ ಆಡಬಾರದು?” ಎಂದು ಕೇಳಿದ್ದಾರೆ.)

ಮೇಷ್ಟ್ರೇ, ನಮಸ್ಕಾರ.

ಪತ್ರ ಬಂದು ಮೂರು ವಾರವಾಯ್ತು. ತಡವಾಗಿದ್ದಕ್ಕೆ ನಿಮ್ಮದೇ ಒಂದು ಸಾಲು ಕಾರಣ. ಆ ಹುಡುಗನ ಬ್ಯಾಗಿನಲ್ಲಿ ಒಂದು ಜೊತೆ ಬೂಟು, ನೀರಿನ ಬಾಟಲಿ, ಜೊತೆಗೆ ಅಜ್ಜಿಯ ಬರ್ತ್ ಸರ್ಟಿಫಿಕೇಟಿನ ಜೆರಾಕ್ಸ್ ಇತ್ತು ಅಂತ ಬರೆದಿದ್ದೀರಿ. ನಮ್ಮ ಕಡೆ ಹುಡುಗನ ಸರ್ಟಿಫಿಕೇಟ್ ಕೇಳಿದರೇ ಅರ್ಧ ಟೀಮ್ ಮಾಯವಾಗುತ್ತಿತ್ತು, ಅಲ್ಲಿ ಅಜ್ಜಿಯದ್ದು ಕೇಳ್ತಾರಲ್ಲ ಅಂತ ನಕ್ಕಿದ್ದೀರಿ. ನಾನೂ ನಕ್ಕೆ. ಆಮೇಲೆ ಆ ಜೆರಾಕ್ಸಿನ ಬಗ್ಗೆಯೇ ಯೋಚಿಸ್ತಾ ಕೂತೆ.

ಮೊದಲು ಹಿಂಬಾಗಿಲ ಮಾತು. ಅವನು ಬಂದದ್ದು ಮುಂಬಾಗಿಲಿನಿಂದಲೇ. ಜಗತ್ತಿನ ಫುಟ್‌ಬಾಲ್ ನಡೆಸೋ ಸಂಸ್ಥೆ ಫಿಫಾ ಕೇಳೋದು ಎರಡು. ಆ ದೇಶದ ಪೌರತ್ವ ಇರಬೇಕು. ಅದನ್ನು ಹೊಸದಾಗಿ ಪಡೆದಿದ್ದರೆ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರಲ್ಲಿ ಒಬ್ಬರಾದರೂ ಅಲ್ಲಿ ಹುಟ್ಟಿರಬೇಕು, ಇಲ್ಲವೇ ತಾನು ಅಲ್ಲಿ ವರ್ಷಗಟ್ಟಲೆ ವಾಸ ಮಾಡಿರಬೇಕು. ಮುತ್ತಜ್ಜಿ ಲೆಕ್ಕಕ್ಕಿಲ್ಲ. ಕಿರಿಯರ ತಂಡಕ್ಕೆ ಆಡಿದ ಮಾತ್ರಕ್ಕೆ ಜೀವನಪೂರ್ತಿ ಅದೇ ದೇಶ ಅಂತಲೂ ಇಲ್ಲ. ಕೆಲವು ಷರತ್ತಿನ ಮೇಲೆ ಒಂದು ಸಲ ಬದಲಿಸಬಹುದು.

ಆ ಅಜ್ಜಿ ಯಾವಾಗ ಊರು ಬಿಟ್ಟರೋ ನೀವು ಬರೆದಿಲ್ಲ. ಆದರೆ ಹಾಗೆ ಊರು ಬಿಟ್ಟವರ ಕತೆ ದೊಡ್ಡದು. 1948ರ ಜೂನ್ 22ರಂದು ಎಂಪೈರ್ ವಿಂಡ್‌ರಷ್ ಅನ್ನೋ ಹಡಗು ಲಂಡನ್ ಹತ್ತಿರದ ಟಿಲ್ಬರಿಯಲ್ಲಿ ಕೆರಿಬಿಯನ್ ದ್ವೀಪಗಳ ನೂರಾರು ಜನರನ್ನು ಇಳಿಸಿತು. ಯುದ್ಧದಲ್ಲಿ ಸೊರಗಿದ್ದ ಬ್ರಿಟನ್ನಿಗೆ ದುಡಿಯೋ ಕೈ ಬೇಕಿತ್ತು. ಮುಂದಿನ ವರ್ಷಗಳಲ್ಲಿ ನರ್ಸುಗಳು, ಬಸ್ ಕಂಡಕ್ಟರುಗಳು, ರೈಲ್ವೆ ಕೆಲಸದವರು ಹೋಗುತ್ತಲೇ ಇದ್ದರು. 1962ರಲ್ಲಿ ಬ್ರಿಟನ್ ಕಾನೂನು ಬಿಗಿ ಮಾಡಿತು. ಜನ ಕೆನಡಾ, ಅಮೆರಿಕದ ಕಡೆ ಹೊರಳಿದರು. ಅಜ್ಜಿಯರು ಆಸ್ಪತ್ರೆಗಳಲ್ಲಿ ನೈಟ್ ಡ್ಯೂಟಿ ಮಾಡಿದರು, ಮೊಮ್ಮಕ್ಕಳು ಅಲ್ಲಿನ ಹುಲ್ಲಿನ ಮೇಲೆ ಫುಟ್‌ಬಾಲ್ ಕಲಿತರು. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿದ ಜಾನ್ ಬಾರ್ನ್ಸ್ ಆಡಿದ್ದು ಇಂಗ್ಲೆಂಡಿಗೆ. ಅದೇ ಊರಿನಲ್ಲಿ ಹುಟ್ಟಿದ ರಹೀಂ ಸ್ಟರ್ಲಿಂಗ್ ಆಡಿದ್ದೂ ಇಂಗ್ಲೆಂಡಿಗೇ. ಆಗ ನಮಗ್ಯಾರಿಗೂ ಹಿಂಬಾಗಿಲು ಕಾಣಲಿಲ್ಲ. ಅದೇ ದಾರಿಯಲ್ಲಿ ಒಬ್ಬ ಹುಡುಗ ವಾಪಸ್ ಬಂದರೆ ಮಾತ್ರ ಅನುಮಾನ!

ಹಾಗಂತ ಮಣ್ಣಿನಲ್ಲಿ ಆಡಿ ಬೆಳೆದವನ ಪ್ರಶ್ನೆಯನ್ನು ತಳ್ಳಿಹಾಕೋ ಹಾಗಿಲ್ಲ. ನನಗೂ ಕಾಡುವುದು ಅದೇ.

ಕ್ರಿಕೆಟ್ಟಿನಲ್ಲಿ ವೆಸ್ಟ್ ಇಂಡೀಸ್ ಒಂದೇ ತಂಡ. ಫುಟ್‌ಬಾಲಿನಲ್ಲಿ ಒಂದೊಂದು ದ್ವೀಪಕ್ಕೂ ಅದರದೇ ತಂಡ. 1976ರಲ್ಲಿ ಕಿಂಗ್‌ಸ್ಟನ್ನಿನ ಸಬೀನಾ ಪಾರ್ಕ್‌ನಲ್ಲಿ ನಮ್ಮ ವಿಶಿ ಬೆರಳಿಗೆ ಏಟು ಬಿದ್ದದ್ದು, ಬ್ರಿಜೇಶ್ ಪಟೇಲ್ ಬಾಯಿಗೆ ಚೆಂಡು ಬಡಿದದ್ದು ನಿಮ್ಮ ವಯಸ್ಸಿನವರಿಗೆ ಮರೆತಿರಲಿಕ್ಕಿಲ್ಲ. ಅದೇ ಕಿಂಗ್‌ಸ್ಟನ್ ಊರಿನಲ್ಲಿ 1997ರ ನವೆಂಬರ್ 16ರಂದು ಜಮೈಕಾ ಮೆಕ್ಸಿಕೊ ಜೊತೆ 0-0 ಡ್ರಾ ಮಾಡಿಕೊಂಡು ಮೊದಲ ಸಲ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಮರುದಿನ ದೇಶಕ್ಕೇ ರಜೆ. ಜಮೈಕಾದ ಕೋಚ್ ಆಗಿದ್ದ ಬ್ರೆಜಿಲ್ಲಿನವರು ರೆನೆ ಸಿಮೋಯಿಸ್ ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಆಡುತ್ತಿದ್ದ ಜಮೈಕಾ ಮೂಲದವರನ್ನು ಹುಡುಕಿ ಕರೆತಂದಿದ್ದರು. ಡಿಯಾನ್ ಬರ್ಟನ್, ರಾಬಿ ಅರ್ಲ್, ಫ್ರಾಂಕ್ ಸಿಂಕ್ಲೇರ್, ಹೀಗೆ. ಇವರ್ಯಾರು, ಈಗ ಯಾಕೆ ಬಂದರು ಅನ್ನೋ ಗೊಣಗಾಟ ಅಲ್ಲೂ ಇತ್ತು.

1998ರ ಜೂನ್‌ನಲ್ಲಿ ಫ್ರಾನ್ಸಿನಲ್ಲಿ ಏನಾಯ್ತು ನೋಡಿ. ಕ್ರೊಯೇಷಿಯಾ ಎದುರು ಜಮೈಕಾ 3-1ರಲ್ಲಿ ಸೋತಿತು. ಆ ಒಂದು ಗೋಲು, ವಿಶ್ವಕಪ್‌ನಲ್ಲಿ ಜಮೈಕಾದ ಮೊಟ್ಟಮೊದಲ ಗೋಲು, ಇಂಗ್ಲೆಂಡಿನಲ್ಲಿ ಹುಟ್ಟಿದ ರಾಬಿ ಅರ್ಲ್ ಅವರದು. ಅರ್ಜೆಂಟೀನಾ ಐದು ಹೊಡೆಯಿತು, ಬಿಡಿ. ಕೊನೆಗೆ ಜಪಾನ್ ಎದುರು 2-1ರ ಗೆಲುವು. ಆ ಎರಡೂ ಗೋಲು ಮಾಂಟೆಗೊ ಬೇಯ ಥಿಯಡೋರ್ ವಿಟ್‌ಮೋರ್ ಅವರದು. ಅಂದರೆ ಹೊರಗಿನಿಂದ ಬಂದವರು ಊರಿನವನ ಜಾಗ ಪೂರ್ತಿ ಕಿತ್ತುಕೊಳ್ಳಲಿಲ್ಲ. ನಮ್ಮ ಊರ ಜಾತ್ರೆಗೆ ಬೆಂಗಳೂರು ಸೇರಿದವರು ಬಂದು ತೇರಿನ ಹಗ್ಗ ಹಿಡಿದರೆ ಯಾರೂ ಕೈ ಬಿಡಿ ಅನ್ನಲ್ಲ. ಆದರೆ ಒಂದು ಮಾತಿದೆ. ಗಾಲಿಗೆ ಎಣ್ಣೆ ಬಿಡೋರು ಊರಲ್ಲೇ ಉಳಿದವರು.

ಟ್ರಿನಿಡಾಡ್‌ನದು ಇನ್ನೂ ಮಜಾ. ಇಂಗ್ಲೆಂಡಿನ ಕೆಳದರ್ಜೆಯ ಲೀಗ್ ಪಂದ್ಯವೊಂದರಲ್ಲಿ ಎದುರಾಳಿ ತಂಡದಲ್ಲಿದ್ದ ಟ್ರಿನಿಡಾಡ್ ಆಟಗಾರ ಡೆನಿಸ್ ಲಾರೆನ್ಸ್, ಕ್ರಿಸ್ ಬರ್ಚಲ್ ಅನ್ನೋ ಬಿಳಿಯ ಹುಡುಗನನ್ನು ಟ್ರಿನಿಡಾಡ್ ನಂಟಿನ ಬಗ್ಗೆ ವಿಚಾರಿಸಿದರಂತೆ. ಅವನ ತಾಯಿ ಹುಟ್ಟಿದ್ದು ಪೋರ್ಟ್ ಆಫ್ ಸ್ಪೇನ್‌ನಲ್ಲಿ. ವಿಶ್ವಕಪ್ ಅರ್ಹತೆಗಾಗಿ ನಡೆದ 2005ರ ಪ್ಲೇಆಫ್‌ನಲ್ಲಿ ಬಹ್ರೇನ್ ವಿರುದ್ಧ ಮನೆಯಂಗಳದಲ್ಲಿ ಸಮಬಲದ ಗೋಲು ಬರ್ಚಲ್‌ದು, ಅಲ್ಲಿಗೆ ಹೋಗಿ ಗೆಲುವಿನ ಗೋಲು ಲಾರೆನ್ಸ್‌ದು. ಇದಕ್ಕೆ ಟ್ರಯಲ್ಸೂ ಇಲ್ಲ, ಜೆರಾಕ್ಸೂ ಇಲ್ಲ.

ಕೆರಿಬಿಯನ್‌ನ ಪುಟ್ಟ ದ್ವೀಪ ಮಾಂಟ್‌ಸೆರಾಟ್‌ನದು ಮಾತ್ರ ಬೇರೆ ಕತೆ. 1995ರಲ್ಲಿ ಅಲ್ಲಿನ ಜ್ವಾಲಾಮುಖಿ ಎದ್ದಿತು, 1997ರ ಹೊತ್ತಿಗೆ ರಾಜಧಾನಿ ಪ್ಲಿಮತ್ ಬೂದಿಯಡಿ ಹೂತುಹೋಯಿತು. ಮೂರರಲ್ಲಿ ಎರಡು ಪಾಲು ಜನ ದ್ವೀಪ ಬಿಟ್ಟರು, ತುಂಬಾ ಜನ ಇಂಗ್ಲೆಂಡಿಗೆ. 2002ರ ವಿಶ್ವಕಪ್ ಫೈನಲ್ ದಿನವೇ ಥಿಂಪುವಿನಲ್ಲಿ ಭೂತಾನ್ ಎದುರು 4-0ರಲ್ಲಿ ಸೋತ ತಂಡ ಇದು. ಆಗ ಫಿಫಾ ಶ್ರೇಯಾಂಕ ಪಟ್ಟಿಯ ತಳದಲ್ಲಿದ್ದ ಎರಡು ತಂಡಗಳ ಪಂದ್ಯ ಅದು. ಆಮೇಲೆ ಲಂಡನ್ ಸುತ್ತಮುತ್ತ ಬೆಳೆದ ಹುಡುಗರನ್ನು ಸೇರಿಸಿಕೊಂಡು ತಂಡ ಕಟ್ಟಿದರು. ಊರೇ ಬೂದಿಯಾದ ಮೇಲೆ ಊರಿನ ಹುಡುಗರನ್ನು ಎಲ್ಲಿಂದ ತರೋದು, ನೀವೇ ಹೇಳಿ.

ಹೀಗೆ ಕಟ್ಟಿದ ತಂಡ ಎಲ್ಲಿವರೆಗೆ ಹೋಗಬಹುದು ಅಂತ ತೋರಿಸಿದ್ದು ಕ್ಯುರಸಾವ್ ಅನ್ನೋ ಇನ್ನೊಂದು ಕೆರಿಬಿಯನ್ ದ್ವೀಪ. ಸುಮಾರು 1.56 ಲಕ್ಷ ಜನ, ನಿಮ್ಮ ದಾವಣಗೆರೆಯ ಅರ್ಧಕ್ಕೂ ಕಮ್ಮಿ. 2025ರ ನವೆಂಬರ್ 18ರಂದು ಕಿಂಗ್‌ಸ್ಟನ್ನಿನಲ್ಲೇ ಜಮೈಕಾವನ್ನು 0-0ಕ್ಕೆ ತಡೆದು 2026ರ ವಿಶ್ವಕಪ್ಪಿಗೆ ಅರ್ಹತೆ ಪಡೆದರು. ಆಟಗಾರರಲ್ಲಿ ಹೆಚ್ಚಿನವರು ಹುಟ್ಟಿದ್ದು ನೆದರ್ಲೆಂಡ್ಸ್‌ನಲ್ಲಿ. ಜಮೈಕಾದ ಕಡೆಯೂ ಇಂಗ್ಲೆಂಡಿನಲ್ಲಿ ಹುಟ್ಟಿದವರು ಹಲವರಿದ್ದರು. ಜಮೈಕಾದವರು ಹೊಡೆದ ಚೆಂಡು ಮೂರು ಸಲ ಗೋಲು ಕಂಬಕ್ಕೆ ಬಡಿದು ವಾಪಸ್ ಬಂತು. ಪಾಪ.

ಈಗ ಟ್ರಯಲ್ಸ್ ದಿನದ ವಿಷಯ. ನಿಮ್ಮ ತಮ್ಮನ ಮಗ ಹೇಳಿದ ವಿವರ ನನಗೆ ತುಂಬಾ ಹಿಡಿಸಿತು. ಬೆನ್ನಿಗೆ 31ನೇ ನಂಬರಿನ ಬಿಬ್ (ಅಂಗಿಯ ಮೇಲೆ ಹಾಕೋ ತೋಳಿಲ್ಲದ ಬನಿಯನ್), ಗುರುತಿಲ್ಲದ ಹತ್ತು ಹುಡುಗರ ಜೊತೆ ಎರಡು ಚಿಕ್ಕ ಆಟ, ಬೇಲಿಯಾಚೆ ಮಡಚುವ ಕುರ್ಚಿಯಲ್ಲಿ ಅಜ್ಜಿ. ನಾನೂ ಒಮ್ಮೆ ಹೈಸ್ಕೂಲಿನಲ್ಲಿ ಜಿಲ್ಲಾ ಸೆಲೆಕ್ಷನ್‌ಗೆ ಹೋಗಿದ್ದೆ. ಲೆಫ್ಟ್ ಬ್ಯಾಕ್. ಇಪ್ಪತ್ತು ನಿಮಿಷ ಆಡಿಸಿದರು. ಪಾಸ್ ಕೊಟ್ಟರೆ ನಾನು ಕಾಣ್ತೀನಲ್ಲ, ಅದಕ್ಕೆ ಯಾರೂ ಕೊಡಲಿಲ್ಲ. ಕಾಲಿಗೆ ಸಿಕ್ಕ ಚೆಂಡು ನಾಲ್ಕು. ಎರಡನ್ನು ಗಾಬರಿಯಲ್ಲಿ ಹೊರಗೆ ಒದ್ದೆ. ಸಂಜೆ ಪಟ್ಟಿ ಓದಿದಾಗ ಗೊತ್ತಾಯ್ತು, ಪಟ್ಟಿ ಬೆಳಿಗ್ಗೆಯೇ ಟೈಪ್ ಆಗಿತ್ತು. ಅದಕ್ಕೇ ಒಂದು ದಿನದ ಟ್ರಯಲ್ಸ್ ಅಂದರೆ ನನಗೆ ನಂಬಿಕೆ ಕಮ್ಮಿ.

ಈ ಲೆಕ್ಕದಲ್ಲಿ ಊರಿನ ಹುಡುಗನೇ ವಾಸಿ. ಜಮೈಕಾದಲ್ಲಿ ಶಾಲಾ ಫುಟ್‌ಬಾಲ್ ಅಂದರೆ ಹುಚ್ಚು. ಕಿಂಗ್‌ಸ್ಟನ್ ಸುತ್ತಿನ ಶಾಲೆಗಳಿಗೆ ಮ್ಯಾನಿಂಗ್ ಕಪ್, ಹಳ್ಳಿಗಾಡಿನ ಶಾಲೆಗಳಿಗೆ ಡಕಾಸ್ಟಾ ಕಪ್. ಮ್ಯಾನಿಂಗ್ ಕಪ್ಪಿಗೆ ನೂರು ವರ್ಷ ದಾಟಿದೆ. ಅಲ್ಲಿ ಹುಡುಗ ಇಡೀ ಸೀಸನ್ ಸಾವಿರಾರು ಜನರ ಕಣ್ಣಮುಂದೆ ಆಡ್ತಾನೆ. ಬ್ರಾಂಪ್ಟನ್‌ ಹುಡುಗನಿಗೆ ಸಿಗೋದು ಒಂದು ಮಧ್ಯಾಹ್ನ. ಆದರೆ ಅವನಿಗೆ ಒಳ್ಳೆಯ ಗ್ರೌಂಡು, ಚಿಕ್ಕಂದಿನಿಂದ ಕೋಚಿಂಗ್ ಸಿಕ್ಕಿರುತ್ತೆ. ನನ್ನ ಸಿಟ್ಟಿರೋದು ಇಲ್ಲಿ. ಬೇರೆ ದೇಶ ಖರ್ಚು ಮಾಡಿ ತಯಾರು ಮಾಡಿದ ಆಟಗಾರ ಒಂದು ವಿಮಾನದ ಟಿಕೆಟ್ಟಿಗೆ ಸಿಗುವಾಗ, ಊರಲ್ಲಿ ಗ್ರೌಂಡ್ ಮಾಡಿಸೋ ಉಸಾಬರಿ ಯಾರಿಗೆ ಬೇಕು? ಹಿತ್ತಲ ಗಿಡ ಮದ್ದಲ್ಲ ಅನ್ನೋದು ಫುಟ್‌ಬಾಲ್ ಆಫೀಸುಗಳಲ್ಲೂ ನಡೆಯುತ್ತೆ. ಕರೆಸಿಕೊಂಡವರನ್ನೂ ಚೆನ್ನಾಗಿ ನೋಡಿಕೊಂಡರು ಅಂತೇನಿಲ್ಲ. 2023ರ ಮಹಿಳಾ ವಿಶ್ವಕಪ್ಪಿಗೆ ಮುಂಚೆ ಜಮೈಕಾದ ಹುಡುಗಿಯರಿಗಾಗಿ ಆಟಗಾರ್ತಿಯೊಬ್ಬರ ತಾಯಿ ಜನರಿಂದ ಚಂದಾ ಎತ್ತಬೇಕಾಯ್ತು. ಆ ತಂಡ ಬ್ರೆಜಿಲ್ಲನ್ನು ಮನೆಗೆ ಕಳಿಸಿ ಕೊನೆಯ ಹದಿನಾರು ತಂಡಗಳ ಘಟ್ಟಕ್ಕೆ ಹೋಯಿತು. ಪನಾಮ ಎದುರಿನ ಗೆಲುವಿನ ಗೋಲು ಹೊಡೆದ ಆಲಿಸನ್ ಸ್ವಾಬಿ ಹುಟ್ಟಿದ್ದು ಅಮೆರಿಕದಲ್ಲಿ.

ಇನ್ನು ನಿಮ್ಮ ತಮ್ಮನ ಮಗ. ಅವನ ಅಪ್ಪ, ಅಜ್ಜ ಇಬ್ಬರೂ ಇಲ್ಲಿ ಹುಟ್ಟಿದವರು, ಫಿಫಾ ಅಡ್ಡ ಬರಲ್ಲ. ಅಡ್ಡ ಬರೋದು ನಮ್ಮ ಕಾನೂನು. ಜಮೈಕಾ ಎರಡು ಪೌರತ್ವ ಒಪ್ಪುತ್ತೆ, ನಾವು ಒಪ್ಪಲ್ಲ. ವಿದೇಶಿ ಪೌರತ್ವದ ಭಾರತೀಯ ಮೂಲದವರಿಗೆ ಕೊಡೋ ಓಸಿಐ ಕಾರ್ಡ್ ಇದ್ದರೆ ಬಂದು ಇರಬಹುದು, ಭಾರತಕ್ಕೆ ಆಡೋ ಹಾಗಿಲ್ಲ. 2008ರಿಂದ ಸರ್ಕಾರದ ನೀತಿ ಹೀಗೇ ಇದೆ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಹುಟ್ಟಿದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ತಾಯಿಯ ಕಡೆಯವರು ಮುಂಬೈಯವರು. 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟುಕೊಟ್ಟ ಮೇಲೆಯೇ ಅವರಿಗೆ ಭಾರತದ ಪಾಸ್‌ಪೋರ್ಟ್ ಸಿಕ್ಕಿದ್ದು. ಜಪಾನಿನ ಅರಾಟಾ ಇಜುಮಿಯೂ ಮುಂಚೆ ಹೀಗೇ ಮಾಡಿದ್ದರು. ಮೂವತ್ತು ದಾಟಿದವರು ಯೋಚಿಸಿ ಮಾಡೋ ಕೆಲಸ ಇದು. ನಿಮ್ಮ ತಮ್ಮನ ಮಗನ ತಲೆಗೆ ಈಗಲೇ ಕಟ್ಟಬೇಡಿ. ಸುಮ್ನೆ ಆಡಲಿ.

31ನೇ ನಂಬರಿನ ಹುಡುಗನಿಗೆ ಇನ್ನೂ ಫೋನ್ ಬಂದಿಲ್ಲ ಅಂದಿದ್ದೀರಿ. ಬಂದರೆ ಒಂದು ಕಾರ್ಡ್ ಹಾಕಿ. ಬರದಿದ್ದರೂ ಹಾಕಿ. ಹಾಗೇ ಆ ಅಜ್ಜಿಯ ಊರಿನ ಹೆಸರು ಕೇಳಿ ಬರೆಯಿರಿ, ಜೆರಾಕ್ಸಿನಲ್ಲಿ ಇದ್ದೇ ಇರುತ್ತೆ. ಮ್ಯಾಪಿನಲ್ಲಿ ಹುಡುಕಿ ನೋಡಬೇಕು ಅನ್ನಿಸಿದೆ.

ನಿಮ್ಮ,
ಸಂಪಾದಕ